ಬೈಲಕುಪ್ಪೆಯ ಟಿಬೆಟಿಯನ್ನರು ಮತ್ತು ಭಾರತದಲ್ಲಿಲ್ಲದ ನಿರಾಶ್ರಿತರ ಕಾನೂನು: ಒಂದು ಪ್ರಕರಣ ಅಧ್ಯಯನ

ಮೈಸೂರಿನಿಂದ ಮಡಿಕೇರಿಗೆ ಹೊರಟವರು ಕುಶಾಲನಗರ ಸೇರುವ ಮೊದಲು ಕೊಪ್ಪದ ಬಳಿ ತಿರುಗಿ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಿಕೊಂಡು ಹೋಗುವುದು ಈಗ ವಾಡಿಕೆಯಾಗಿದೆ. ದೇವಾಲಯದ ಸುತ್ತಲಿನ ಮುಸುಕಿನ ಜೋಳದ ಹೊಲಗಳು, ಸಂಖ್ಯೆಯಿಂದಲೇ ಕರೆಸಿಕೊಳ್ಳುವ ಕ್ಯಾಂಪುಗಳು, ಸಹಕಾರ ಸಂಘದ ಕಟ್ಟಡ, ಶಾಲೆ, ಆಸ್ಪತ್ರೆ ಎಲ್ಲವೂ ಸೇರಿ ನೋಡುವವರಿಗೆ ಇದು ಆರು ದಶಕಗಳಿಂದ ನೆಲೆನಿಂತ ಊರು. ಸರ್ಕಾರದ ದಾಖಲೆಯಲ್ಲಿ ಮಾತ್ರ ಇಲ್ಲಿನ ಬಹುಪಾಲು ಟಿಬೆಟಿಯನ್ನರು ವಿದೇಶಿಯರು. ಇದೇ ಮಣ್ಣಿನಲ್ಲಿ ಹುಟ್ಟಿ, ಮದುವೆಯಾಗಿ, ಮೊಮ್ಮಕ್ಕಳನ್ನು ಕಂಡವರ ಕೈಯಲ್ಲಿಯೂ ಇರುವುದು ಪೊಲೀಸ್ ಇಲಾಖೆಯ ಮೂಲಕ ಆಗಾಗ ನವೀಕರಿಸಿಕೊಳ್ಳಬೇಕಾದ ನೋಂದಣಿ ಪತ್ರ.

ಭಾರತವು 1951ರ ನಿರಾಶ್ರಿತರ ಅಂತರರಾಷ್ಟ್ರೀಯ ಒಪ್ಪಂದಕ್ಕಾಗಲೀ 1967ರ ಅದರ ಪೂರಕ ಒಡಂಬಡಿಕೆಗಾಗಲೀ ಸಹಿ ಹಾಕಿಲ್ಲ. ನಿರಾಶ್ರಿತರೆಂದರೆ ಯಾರು, ಅವರ ಕೋರಿಕೆಯನ್ನು ಪರಿಶೀಲಿಸುವವರು ಯಾರು, ಒಪ್ಪಿದರೆ ಯಾವ ಹಕ್ಕು ಸಿಗುತ್ತದೆ, ತಿರಸ್ಕರಿಸಿದರೆ ಯಾರಲ್ಲಿ ಮೇಲ್ಮನವಿ ಸಲ್ಲಿಸಬೇಕು ಎಂಬುದನ್ನು ಹೇಳುವ ದೇಶೀಯ ಕಾನೂನೂ ನಮ್ಮಲ್ಲಿಲ್ಲ. ಹಾಗಿದ್ದರೂ ಕರ್ನಾಟಕದ ಟಿಬೆಟಿಯನ್ ವಸತಿಗಳು ನಿರಾಶ್ರಿತರ ಪುನರ್ವಸತಿಯ ಯಶಸ್ವಿ ನಿದರ್ಶನವೆಂದು ಜಗತ್ತಿನೆಲ್ಲೆಡೆ ಉಲ್ಲೇಖವಾಗುತ್ತವೆ. ಕಾನೂನಿಲ್ಲದೆಯೂ ಇಷ್ಟು ಸಾಧ್ಯವಾಗಿದ್ದರೆ ಕಾನೂನಿನ ಅಗತ್ಯವಾದರೂ ಏನು ಎಂದು ಕೇಳುವವರಿದ್ದಾರೆ. ಬೈಲಕುಪ್ಪೆಯ ಇತಿಹಾಸವನ್ನು ಹತ್ತಿರದಿಂದ ನೋಡಿದರೆ ಆ ಪ್ರಶ್ನೆಗೆ ಉತ್ತರ ಅಲ್ಲಿಯೇ ದೊರೆಯುತ್ತದೆ: ಅಲ್ಲಿ ಆದ ಒಳ್ಳೆಯದೆಲ್ಲ ಕೆಲವರ ಸದಿಚ್ಛೆಯಿಂದ ಆಯಿತು, ಅಲ್ಲಿ ಆಗದೆ ಉಳಿದದ್ದು ಆ ಸದಿಚ್ಛೆ ಹಕ್ಕಾಗಿ ಮಾರ್ಪಡದ ಕಾರಣಕ್ಕೆ ಉಳಿಯಿತು.

ನೆಲ, ಶಾಲೆ, ಸ್ವಂತ ಆಡಳಿತ

1959ರ ಮಾರ್ಚ್ ತಿಂಗಳಲ್ಲಿ ಲ್ಹಾಸಾದಿಂದ ಹೊರಟ ದಲೈ ಲಾಮಾ ಅದೇ ತಿಂಗಳ ಕೊನೆಗೆ ತವಾಂಗ್ ಭಾಗದಲ್ಲಿ ಭಾರತದ ಗಡಿ ದಾಟಿದರು. ಅವರ ಹಿಂದೆ ಸುಮಾರು 80,000 ಟಿಬೆಟಿಯನ್ನರು ಬಂದರು. ಅಸ್ಸಾಮಿನ ಮಿಸ್ಸಮಾರಿ ಮತ್ತು ಪಶ್ಚಿಮ ಬಂಗಾಳದ ಬಕ್ಸಾದಲ್ಲಿ ತಾತ್ಕಾಲಿಕ ಶಿಬಿರಗಳು ತೆರೆದವು. ಎತ್ತರದ ಶೀತಪ್ರದೇಶದಿಂದ ಇಳಿದವರನ್ನು ಬಯಲಿನ ಸೆಕೆ ಮತ್ತು ಕ್ಷಯರೋಗ ಕಾಡಿದವು. ಸಾವಿರಾರು ಜನರು ಹಿಮಾಲಯದ ರಸ್ತೆ ಕೆಲಸಕ್ಕೆ ಕೂಲಿಗಳಾಗಿ ಹೋದರು. ಡೇರೆಗಳಲ್ಲಿ ಬದುಕಿ, ಕೆಲಸ ಮುಗಿದ ಕಡೆಯಿಂದ ಮುಂದಿನ ಕಡೆಗೆ ಸಾಗುತ್ತಿದ್ದ ಈ ಜನರು ಒಂದೆಡೆ ನೆಲೆಯೂರದಿದ್ದರೆ ಸಮುದಾಯವಾಗಿ ಉಳಿಯುವುದು ಕಷ್ಟವೆಂಬುದು ದೆಹಲಿಗೆ ಬೇಗ ಮನದಟ್ಟಾಯಿತು.

ಪ್ರಧಾನಿ ಜವಾಹರಲಾಲ್ ನೆಹರೂ ಅವರು ಭೂಮಿ ಕೊಡಬಲ್ಲಿರಾ ಎಂದು ರಾಜ್ಯಗಳನ್ನು ಕೇಳಿದಾಗ ದೊಡ್ಡ ಪ್ರಮಾಣದಲ್ಲಿ ಮುಂದೆ ಬಂದದ್ದು ಮೈಸೂರು ರಾಜ್ಯ. ಎಸ್. ನಿಜಲಿಂಗಪ್ಪನವರ ಹೆಸರನ್ನು ಟಿಬೆಟಿಯನ್ನರು ಇಂದಿಗೂ ಕೃತಜ್ಞತೆಯಿಂದ ಹೇಳುವುದು ಈ ಕಾರಣಕ್ಕೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಬಿಟ್ಟುಕೊಡಲಾಯಿತು ಮತ್ತು 1960ರ ಕೊನೆಯ ಹೊತ್ತಿಗೆ ಮೊದಲ ತಂಡಗಳು ಬಂದಿಳಿದವು. ಅವರಿಗೆ ಸಿಕ್ಕಿದ್ದು ಉಳುವ ಹೊಲವಾಗಿರಲಿಲ್ಲ. ಮರ ಕಡಿದು, ಬೇರು ಕಿತ್ತು, ರಾತ್ರಿ ಆನೆ ಮತ್ತು ಹಂದಿಗಳನ್ನು ಕಾಯುತ್ತಾ, ತಲೆಗೊಂದು ಎಕರೆಯ ಲೆಕ್ಕದಲ್ಲಿ ಅವರು ಹೊಲ ಮಾಡಿಕೊಂಡರು. ಲುಗ್ಸುಂಗ್ ಸಂದುಪ್ಲಿಂಗ್ ಎಂಬ ಈ ಮೊದಲ ವಸತಿಯ ಬಳಿಕ 1966ರಲ್ಲಿ ಮುಂಡಗೋಡ, 1969ರಲ್ಲಿ ಬೈಲಕುಪ್ಪೆಯ ಎರಡನೆಯ ವಸತಿ, 1970ರ ದಶಕದ ಮೊದಲರ್ಧದಲ್ಲಿ ಹುಣಸೂರು ಬಳಿಯ ಗುರುಪುರ ಮತ್ತು ಕೊಳ್ಳೇಗಾಲ ಸೀಮೆಯ ಒಡೆಯರಪಾಳ್ಯ ವಸತಿಗಳು ಹುಟ್ಟಿದವು. ಇಂದು ಗ್ರಾಮೀಣಾಭಿವೃದ್ಧಿಗೆ ಹೆಸರಾದ ಮೈರಾಡ ಸಂಸ್ಥೆ 1968ರಲ್ಲಿ ಆರಂಭವಾದದ್ದೇ ಈ ಪುನರ್ವಸತಿಯ ಕೆಲಸಕ್ಕಾಗಿ.

ಈ ವಸತಿಗಳು ಉಳಿದು ಬೆಳೆದುದಕ್ಕೆ ಆ ಕಾಲದ ಮೂರು ತೀರ್ಮಾನಗಳು ಕಾರಣವೆಂದು ನನ್ನ ಅಭಿಪ್ರಾಯ. ಜನರನ್ನು ಚದುರಿಸದೆ ಒಟ್ಟಾಗಿ ಕೂರಿಸಿದ್ದು ಮೊದಲನೆಯದು. ಊರವರು, ನೆಂಟರು, ಒಂದೇ ಮಠದ ಭಿಕ್ಷುಗಳು ಅಕ್ಕಪಕ್ಕದಲ್ಲಿ ಉಳಿದುದರಿಂದಲೇ ಸೆರಾ ಮಠ ಬೈಲಕುಪ್ಪೆಯಲ್ಲಿಯೂ ಡ್ರೆಪುಂಗ್ ಮತ್ತು ಗಾಂಡೆನ್ ಮಠಗಳು ಮುಂಡಗೋಡದಲ್ಲಿಯೂ ಮತ್ತೆ ಎದ್ದು ನಿಲ್ಲಲು ಸಾಧ್ಯವಾಯಿತು. ಶಿಕ್ಷಣದ ಹೊಣೆಯನ್ನು ಕೇಂದ್ರವೇ ಹೊತ್ತುಕೊಂಡದ್ದು ಎರಡನೆಯದು. 1961ರಲ್ಲಿ ಶಿಕ್ಷಣ ಸಚಿವಾಲಯದಡಿ ಟಿಬೆಟಿಯನ್ ಶಾಲೆಗಳಿಗಾಗಿಯೇ ಒಂದು ಸಂಸ್ಥೆಯನ್ನು ರಚಿಸಲಾಯಿತು ಮತ್ತು ತಮ್ಮ ಭಾಷೆಯೊಂದಿಗೆ ಇಂಗ್ಲಿಷ್, ಹಿಂದಿ ಕಲಿತ ಒಂದು ತಲೆಮಾರು ಅದರಿಂದ ಹೊರಬಂತು. ವಸತಿಯ ದಿನನಿತ್ಯದ ಆಡಳಿತವನ್ನು ಅವರ ಕೈಗೇ ಬಿಟ್ಟದ್ದು ಮೂರನೆಯದು. ಧರ್ಮಶಾಲೆಯಲ್ಲಿರುವ ಟಿಬೆಟಿಯನ್ ಆಡಳಿತ, ಅಂದರೆ ಟಿಬೆಟಿಯನ್ನರ ದೇಶಾಂತರ ಸರ್ಕಾರ, ನೇಮಿಸುವ ವಸತಿ ಅಧಿಕಾರಿ ಒಂದು ಕಡೆ, ಜಿಲ್ಲಾಧಿಕಾರಿ ಮತ್ತು ತಹಶೀಲ್ದಾರರು ಇನ್ನೊಂದು ಕಡೆ. ಕ್ಯಾಂಪಿನ ಮುಖಂಡ, ಸಹಕಾರ ಸಂಘ, ಟ್ರ್ಯಾಕ್ಟರ್ ವರ್ಕ್‌ಶಾಪು, ಹಿಟ್ಟಿನ ಗಿರಣಿ ಎಲ್ಲವೂ ಸಮುದಾಯದ ಸುಪರ್ದಿಯಲ್ಲಿ. ಜಗತ್ತಿನ ಅನೇಕ ಶಿಬಿರಗಳಲ್ಲಿ ನಿರಾಶ್ರಿತರು ಪಡಿತರಕ್ಕಾಗಿ ಸಾಲು ನಿಂತು ದಶಕಗಳನ್ನು ಕಳೆದಿರುವಾಗ ಇಲ್ಲಿ ಅವರು ಬೆಳೆದು, ಮಾರಿ, ಸಾಲ ತೀರಿಸಿ, ಮಕ್ಕಳನ್ನು ಓದಿಸಿದರು. ಮಳೆ ಕೈಕೊಟ್ಟ ವರ್ಷಗಳಲ್ಲಿ, ಮಳೆ ಚೆನ್ನಾಗಿದ್ದ ವರ್ಷಗಳಲ್ಲಿಯೂ, ಸುಗ್ಗಿ ಮುಗಿದ ಮೇಲೆ ಲುಧಿಯಾನದಿಂದ ಸ್ವೆಟರ್ ತರಿಸಿ ಊರೂರಿನ ಬಯಲಿನಲ್ಲಿ ಅಂಗಡಿ ಹಾಕುವುದು ಅವರ ಎರಡನೆಯ ಬೆಳೆಯೇ ಆಯಿತು.

ಇದನ್ನು ಹೊಗಳುವಾಗ ಬಿಡಬಾರದ ಇನ್ನೊಂದು ಮಾತಿದೆ. ಟಿಬೆಟಿಯನ್ನರಿಗೆ ಕಾಡು ಬಿಟ್ಟುಕೊಟ್ಟ ಇದೇ ಸೀಮೆಯಲ್ಲಿ, ಹುಣಸೂರು, ಪಿರಿಯಾಪಟ್ಟಣ ಮತ್ತು ಎಚ್.ಡಿ. ಕೋಟೆಯ ಆಸುಪಾಸಿನಲ್ಲಿ, ಜೇನು ಕುರುಬರು ಮತ್ತು ಇತರ ಆದಿವಾಸಿಗಳು ನಾಗರಹೊಳೆಯ ಕಾಡಿನಿಂದ ಹೊರಹಾಕಲ್ಪಟ್ಟು ತುಂಡು ನೆಲವೂ ಇಲ್ಲದೆ ತೋಟಗಳಲ್ಲಿ ಕೂಲಿಗೆ ಬಿದ್ದರು. ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸಾದಿ ಸಮಿತಿಯು ಮೂರು ಸಾವಿರಕ್ಕೂ ಹೆಚ್ಚು ಕುಟುಂಬಗಳು ಹೀಗೆ ನಿರ್ವಸಿತವಾದುದನ್ನು ಗುರುತಿಸಿತು. ಟಿಬೆಟಿಯನ್ನರಿಗೆ ಕೊಟ್ಟದ್ದು ತಪ್ಪಲ್ಲ, ಜೇನು ಕುರುಬರಿಗೆ ಕೊಡದೆ ಹೋದದ್ದು ತಪ್ಪು. ಆದರೆ ನಿರಾಶ್ರಿತರ ನೀತಿಯನ್ನು ಬರೆಯುವವರು ಅದೇ ತಾಲ್ಲೂಕಿನ ಭೂರಹಿತರನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಆ ನೀತಿಗೆ ಸ್ಥಳೀಯರ ಒಪ್ಪಿಗೆ ಹೆಚ್ಚು ಕಾಲ ಉಳಿಯುವುದಿಲ್ಲ. ಮುಂಡಗೋಡ ಮತ್ತು ಬೈಲಕುಪ್ಪೆಯ ನೆರೆಹೊರೆಯವರು ಇಷ್ಟು ವರ್ಷ ಬಹುಮಟ್ಟಿಗೆ ಸೌಹಾರ್ದದಿಂದ ಇದ್ದಾರೆ. ಹೊಲದ ಕೂಲಿ, ಆಟೋ, ಹೋಟೆಲು, ಮಠಗಳ ಕಟ್ಟಡ ಕೆಲಸ ಇವು ಆ ಸೌಹಾರ್ದಕ್ಕೆ ಆಧಾರ ಒದಗಿಸಿವೆ.

ಕಾಗದಪತ್ರಗಳ ಬದುಕು

ಮೇಲೆ ಹೇಳಿದ ಮೂರು ತೀರ್ಮಾನಗಳಲ್ಲಿ ಒಂದಾದರೂ ಸಂಸತ್ತಿನ ಕಾಯ್ದೆಯಾಗಿ ಬರಲಿಲ್ಲ. ಎಲ್ಲವೂ ಕಾರ್ಯಾಂಗದ ಆದೇಶಗಳು, ಪತ್ರವ್ಯವಹಾರಗಳು. ಕಾನೂನಿನ ಕಣ್ಣಿಗೆ ಟಿಬೆಟಿಯನ್ನರು 1939ರ ವಿದೇಶಿಯರ ನೋಂದಣಿ ಕಾಯ್ದೆ ಮತ್ತು 1946ರ ವಿದೇಶಿಯರ ಕಾಯ್ದೆಯಡಿ ಬರುವವರಾಗಿಯೇ ಉಳಿದರು. ಬ್ರಿಟಿಷರ ಕಾಲದಲ್ಲಿ ರೂಪುಗೊಂಡ ಈ ಕಾಯ್ದೆಗಳಿಗೆ ಪ್ರವಾಸಿ, ವಿದ್ಯಾರ್ಥಿ, ಗೂಢಚಾರ, ಪ್ರಾಣಭಯದಿಂದ ಓಡಿಬಂದ ತಾಯಿ ಇವರ ನಡುವೆ ವ್ಯತ್ಯಾಸ ಗೊತ್ತಿರಲಿಲ್ಲ. ತಾನು ವಿದೇಶಿಯನಲ್ಲ ಎಂದು ರುಜುವಾತು ಮಾಡುವ ಹೊರೆಯನ್ನೂ 1946ರ ಕಾಯ್ದೆ ಆ ವ್ಯಕ್ತಿಯ ಮೇಲೆಯೇ ಹೊರಿಸಿತ್ತು.

ಇದರ ಪರಿಣಾಮ ದಿನನಿತ್ಯದ ಬದುಕಿನಲ್ಲಿ ಹೇಗೆ ಕಾಣಿಸುತ್ತದೆಂದು ಸ್ವಲ್ಪ ವಿವರವಾಗಿ ನೋಡಬೇಕು. ಬೈಲಕುಪ್ಪೆಯ ಹುಡುಗಿಯೊಬ್ಬಳು ನರ್ಸಿಂಗ್ ಓದಲು ಬೆಂಗಳೂರಿಗೆ ಹೋದರೆ, ಪಕ್ಕದ ಊರಿನ ಸಹಪಾಠಿಗಿಲ್ಲದ ಒಂದು ಕೆಲಸ ಅವಳಿಗಿರುತ್ತದೆ: ತನ್ನ ನೋಂದಣಿ ಪತ್ರ, ಅಂದರೆ ಎಲ್ಲರೂ ಆರ್.ಸಿ. ಎಂದು ಕರೆಯುವ ಪುಸ್ತಕ, ಊರ್ಜಿತದಲ್ಲಿದೆಯೇ, ವಾಸಸ್ಥಳದ ಬದಲಾವಣೆ ದಾಖಲಾಗಿದೆಯೇ ಎಂದು ನೋಡಿಕೊಳ್ಳುವುದು. ವಿದೇಶದಲ್ಲಿ ಉನ್ನತ ಶಿಕ್ಷಣಕ್ಕೆ ಸೀಟು ಸಿಕ್ಕಿದರೆ ಪಾಸ್‌ಪೋರ್ಟ್ ಬದಲು ಹಳದಿ ಹೊದಿಕೆಯ ಗುರುತಿನ ಪ್ರಮಾಣಪತ್ರ ಬೇಕು, ಹೊರಹೋಗುವ ಅನುಮತಿ ಬೇಕು, ಭಾರತಕ್ಕೆ ಮರಳಲು ಆಕ್ಷೇಪವಿಲ್ಲ ಎಂಬ ಮುದ್ರೆ ಬೇಕು. ಆ ಹಳದಿ ಪುಸ್ತಕವನ್ನು ನೋಡಿ ಗೊಂದಲಕ್ಕೊಳಗಾಗುವ ವಿಮಾನ ನಿಲ್ದಾಣದ ಸಿಬ್ಬಂದಿಗೆ ತಾನು ಯಾರೆಂದು ವಿವರಿಸುವ ಅನುಭವ ಈ ಸಮುದಾಯದ ವಿದ್ಯಾವಂತರಿಗೆಲ್ಲ ಪರಿಚಿತ. ಅವಳ ಅಣ್ಣ ಕೆನಡಾಕ್ಕೆ ಹೋಗಿ ಅಲ್ಲಿನ ಪೌರತ್ವ ಪಡೆದಿದ್ದರೆ, ರಜೆಯಲ್ಲಿ ಹೆತ್ತವರ ಮನೆಯಲ್ಲಿ ಉಳಿಯಲು ಅವನಿಗೆ ಸಂರಕ್ಷಿತ ಪ್ರದೇಶದ ಪರವಾನಗಿ ಬೇಕು. ಕರ್ನಾಟಕದ ಟಿಬೆಟಿಯನ್ ವಸತಿಗಳಲ್ಲಿ ತಂಗಲು ವಿದೇಶಿ ಪ್ರಜೆಗಳಿಗೆ ಕೇಂದ್ರ ಗೃಹ ಸಚಿವಾಲಯದ ಅನುಮತಿ ಕಡ್ಡಾಯ.

ಜಮೀನಿನ ವಿಷಯ ಇನ್ನೂ ಜಟಿಲ. ನೆಲ ಸರ್ಕಾರದ್ದು, ಉಳುವವನು ಗುತ್ತಿಗೆಯವನು. ಪಹಣಿಯಲ್ಲಿ ಹೆಸರಿಲ್ಲದವನಿಗೆ ಆ ನೆಲದ ಆಧಾರದ ಮೇಲೆ ಬ್ಯಾಂಕಿನ ಸಾಲ ಹುಟ್ಟುವುದು ಕಷ್ಟ, ಅಡವಿಡಲು ಬರುವುದಿಲ್ಲ, ಮಾರಲು ಬರುವುದಿಲ್ಲ. ತಲೆಗೊಂದು ಎಕರೆಯೆಂದು 1960ರ ದಶಕದಲ್ಲಿ ಹಂಚಿದ ಹೊಲ ಮೂರನೆಯ ತಲೆಮಾರಿಗೆ ಸಾಲದು, ಹೊಸದಾಗಿ ಕೊಳ್ಳಲು ದಾರಿಯಿಲ್ಲ. ಸರ್ಕಾರಿ ನೌಕರಿಯ ಬಾಗಿಲು ಮುಚ್ಚಿದೆ. ಓದಿದ ಯುವಕರು ಊರು ಬಿಟ್ಟು ಅಮೆರಿಕ, ಕೆನಡಾ, ಯುರೋಪಿಗೆ ಹೋಗುತ್ತಿರುವುದಕ್ಕೆ ಹೆಚ್ಚು ಗಳಿಕೆಯ ಆಸೆಯೊಂದೇ ಕಾರಣವಲ್ಲ. ಇಪ್ಪತ್ತೈದು ವರ್ಷ ದುಡಿದ ಮೇಲೂ ತನ್ನದೆನ್ನುವ ಒಂದು ಮನೆ, ಒಂದು ಪಾಸ್‌ಪೋರ್ಟ್ ಇಲ್ಲದ ಭವಿಷ್ಯ ಅವರನ್ನು ಹೊರಗೆ ತಳ್ಳುತ್ತಿದೆ. 2009ರಲ್ಲಿ ಟಿಬೆಟಿಯನ್ ಆಡಳಿತ ನಡೆಸಿದ ಗಣತಿಯಲ್ಲಿ ಭಾರತದಲ್ಲಿದ್ದವರು 94,000ಕ್ಕೂ ಹೆಚ್ಚು. ಅದಾದ ಸುಮಾರು ಹತ್ತು ವರ್ಷಗಳ ಬಳಿಕ ಗೃಹ ಸಚಿವಾಲಯದ ವಾರ್ಷಿಕ ವರದಿಗಳು ಕೊಡುವ ಸಂಖ್ಯೆ ಸುಮಾರು 72,000, ಅದರಲ್ಲಿ ಕರ್ನಾಟಕದವರು 21,000ಕ್ಕೂ ಮಿಕ್ಕಿ. ಎರಡರ ಎಣಿಕೆಯ ವಿಧಾನ ಬೇರೆಯಾದರೂ ಇಳಿಕೆಯ ದಿಕ್ಕನ್ನು ವಸತಿಗಳ ಬೀಗ ಹಾಕಿದ ಮನೆಗಳೇ ತೋರಿಸುತ್ತವೆ. 2008ರ ನಂತರ ಚೀನಾ ಗಡಿಯನ್ನು ಬಿಗಿಗೊಳಿಸಿದ್ದರಿಂದ ಹೊಸದಾಗಿ ಬರುವವರೂ ತೀರ ಕಡಿಮೆಯಾಗಿದ್ದಾರೆ.

2014ರಲ್ಲಿ ಕೇಂದ್ರವು ಟಿಬೆಟಿಯನ್ ಪುನರ್ವಸತಿ ನೀತಿಯನ್ನು ಹೊರಡಿಸಿದಾಗ ಐದು ದಶಕಗಳ ಬಳಿಕ ಮೊದಲ ಬಾರಿಗೆ ಎಲ್ಲ ರಾಜ್ಯಗಳಿಗೂ ಅನ್ವಯಿಸುವ ಒಂದು ಲಿಖಿತ ಚೌಕಟ್ಟು ದೊರೆಯಿತು. ಜಮೀನಿನ ಗುತ್ತಿಗೆ ಪತ್ರವನ್ನು 20 ವರ್ಷಗಳ ಅವಧಿಗೆ ಮಾಡಿಕೊಡಬೇಕು, ಪಡಿತರ ಮತ್ತು ಉದ್ಯೋಗ ಖಾತರಿಯಂಥ ಯೋಜನೆಗಳನ್ನು ವಿಸ್ತರಿಸಬೇಕು, ವ್ಯಾಪಾರದ ಪರವಾನಗಿ ಕೊಡಬೇಕು, ಅರ್ಹರಿಗೆ ವೃತ್ತಿಗಳಲ್ಲಿ ಅವಕಾಶ ನೀಡಬೇಕು ಎಂದು ಅದು ರಾಜ್ಯಗಳಿಗೆ ತಿಳಿಸಿತು. ಒಳ್ಳೆಯ ದಾಖಲೆ, ಆದರೆ ನೀತಿಯಷ್ಟೇ. ಪಾಲಿಸದ ರಾಜ್ಯದ ಮೇಲೆ ಯಾರೂ ಅದನ್ನು ಹಕ್ಕಾಗಿ ಜಾರಿ ಮಾಡಿಸಲಾರರು. ಸಂವಿಧಾನದ ರಚನೆಯೇ ಇಲ್ಲಿ ಒಂದು ತೊಡಕನ್ನು ತಂದಿದೆ. ವಿದೇಶಿಯರು, ಪೌರತ್ವ, ದೇಶದೊಳಗೆ ಪ್ರವೇಶ ಇವೆಲ್ಲ ಕೇಂದ್ರಪಟ್ಟಿಯಲ್ಲಿವೆ, ಭೂಮಿ ರಾಜ್ಯಪಟ್ಟಿಯಲ್ಲಿದೆ. ನಿರಾಶ್ರಿತರನ್ನು ಒಳಗೆ ಬಿಡುವವರು ಒಬ್ಬರು, ನೆಲ ಕೊಡಬೇಕಾದವರು ಇನ್ನೊಬ್ಬರು. ಮೈಸೂರು ರಾಜ್ಯ ಅಂದು ಒಪ್ಪಿದ್ದರಿಂದ ಬೈಲಕುಪ್ಪೆ ಆಯಿತು. ಒಪ್ಪದಿದ್ದರೆ ಒತ್ತಾಯಿಸುವ ಕಾನೂನಾಗಲೀ ಒಪ್ಪಿದ ರಾಜ್ಯಕ್ಕೆ ನಿಶ್ಚಿತ ನೆರವು ನೀಡುವ ವ್ಯವಸ್ಥೆಯಾಗಲೀ ಆಗಲೂ ಇರಲಿಲ್ಲ, ಈಗಲೂ ಇಲ್ಲ.

1987ರ ಜುಲೈ 1

1955ರ ಪೌರತ್ವ ಕಾಯ್ದೆಯ ಮೂರನೆಯ ಕಲಂ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನವರೆಗೆ ಭಾರತದ ನೆಲದಲ್ಲಿ ಹುಟ್ಟಿದ ಯಾರೇ ಆದರೂ, ಕೆಲವೇ ಅಪವಾದಗಳನ್ನು ಬಿಟ್ಟು, ಹುಟ್ಟಿನಿಂದಲೇ ಭಾರತೀಯ ಪ್ರಜೆ. ಕಾಯ್ದೆಯ ಪಠ್ಯದಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಆದರೂ ದಶಕಗಳ ಕಾಲ ಟಿಬೆಟಿಯನ್ನರಿಗೆ ಇದನ್ನು ಅನ್ವಯಿಸಲಿಲ್ಲ. 2010ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್, 1986ರಲ್ಲಿ ಭಾರತದಲ್ಲಿ ಹುಟ್ಟಿದ ಟಿಬೆಟಿಯನ್ ಮಹಿಳೆಯೊಬ್ಬರ ಅರ್ಜಿಯಲ್ಲಿ, ಆಕೆ ಹುಟ್ಟಿನಿಂದಲೇ ಪ್ರಜೆಯೆಂದೂ ಪಾಸ್‌ಪೋರ್ಟ್ ನಿರಾಕರಿಸುವಂತಿಲ್ಲವೆಂದೂ ತೀರ್ಪು ನೀಡಿತು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಅದೇ ನಿಲುವನ್ನು ತಳೆಯಿತು. 2014ರಲ್ಲಿ ಚುನಾವಣಾ ಆಯೋಗವು ಆ ಅವಧಿಯಲ್ಲಿ ಹುಟ್ಟಿದವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. 2016ರಲ್ಲಿ ದೆಹಲಿ ಹೈಕೋರ್ಟ್ ಪಾಸ್‌ಪೋರ್ಟ್ ವಿಷಯದಲ್ಲಿ ಇನ್ನೊಮ್ಮೆ ಸ್ಪಷ್ಟ ಆದೇಶ ಕೊಡಬೇಕಾಯಿತು.

ಇದಾದ ಮೇಲೆ ನಡೆದದ್ದು ಈ ಪ್ರಕರಣದ ಅತ್ಯಂತ ನೋವಿನ ಅಧ್ಯಾಯ. 2017ರಲ್ಲಿ ಪಾಸ್‌ಪೋರ್ಟ್ ನೀಡಿಕೆಗೆ ಷರತ್ತುಗಳು ಬಂದವು: ಅರ್ಜಿದಾರರು ತಮ್ಮ ನೋಂದಣಿ ಪತ್ರ ಮತ್ತು ಗುರುತಿನ ಪ್ರಮಾಣಪತ್ರವನ್ನು ಹಿಂದಿರುಗಿಸಬೇಕು, ನಿಗದಿತ ಟಿಬೆಟಿಯನ್ ವಸತಿಯಲ್ಲಿ ವಾಸಿಸಬಾರದು, ಟಿಬೆಟಿಯನ್ ಆಡಳಿತದಿಂದ ಸವಲತ್ತು ಪಡೆಯಬಾರದು. ಬೈಲಕುಪ್ಪೆಯ ರೈತನಿಗೆ ಇದರ ಅರ್ಥವೇನೆಂದರೆ ಭಾರತೀಯನೆಂದು ಒಪ್ಪಿಕೊಂಡ ದಿನ ಅವನು ತನ್ನ ತಂದೆ ಕಾಡು ಕಡಿದು ಮಾಡಿದ ಹೊಲವನ್ನೂ ತಾಯಿ ಸತ್ತ ಮನೆಯನ್ನೂ ಬಿಟ್ಟು ಹೊರಡಬೇಕು. ನಿರಾಶ್ರಿತನಾಗಿ ಉಳಿದರೆ ಮನೆ, ಪ್ರಜೆಯಾದರೆ ಪಾಸ್‌ಪೋರ್ಟ್, ಎರಡೂ ಒಟ್ಟಿಗಿಲ್ಲ. ಸಂಸತ್ತು ಹುಟ್ಟಿನಿಂದಲೇ ಕೊಟ್ಟ ಹಕ್ಕಿಗೆ ಹೀಗೆ ಬೆಲೆ ಕಟ್ಟುವುದನ್ನು ನಾನು ನ್ಯಾಯವೆಂದು ಒಪ್ಪಲಾರೆ. ವಸತಿಯ ಭೂಮಿಯನ್ನು ನಿರಾಶ್ರಿತರಿಗೆಂದೇ ಕೊಟ್ಟಿದ್ದು, ಪ್ರಜೆಗಳಾದವರು ಅದನ್ನು ಅನುಭವಿಸುವುದು ಸರಿಯಲ್ಲ ಎಂಬ ಆಡಳಿತದ ವಾದದಲ್ಲಿ ಒಂದು ತರ್ಕವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ಸಮಸ್ಯೆಗೆ ಪರಿಹಾರ ಗುತ್ತಿಗೆಯ ಷರತ್ತನ್ನು ತಿದ್ದುವುದು. ವ್ಯಕ್ತಿಯನ್ನು ಊರಿನಿಂದ ಎಬ್ಬಿಸುವುದಲ್ಲ.

ತಂದೆತಾಯಿ ಇಬ್ಬರೂ ಟಿಬೆಟಿನಲ್ಲಿ ಹುಟ್ಟಿ ಬಂದ, ಒಂದೇ ಕ್ಯಾಂಪಿನ ಒಂದೇ ಮನೆಯಲ್ಲಿ 1986ರಲ್ಲಿ ಹುಟ್ಟಿದ ಅಕ್ಕ, 1988ರಲ್ಲಿ ಹುಟ್ಟಿದ ತಂಗಿ ಇದ್ದಾರೆಂದು ಭಾವಿಸೋಣ. ಅಕ್ಕ ಹುಟ್ಟಿನಿಂದಲೇ ಭಾರತೀಯಳು. ತಂಗಿ ಹುಟ್ಟುವ ಹೊತ್ತಿಗೆ ತಂದೆತಾಯಿಯರಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕೆಂಬ ನಿಯಮ ಬಂದಿದ್ದರಿಂದ ಅವಳು ವಿದೇಶಿಯಳು. ಒಂದೇ ಶಾಲೆಯಲ್ಲಿ ಓದಿ, ಒಂದೇ ಬಸ್ಸಿನಲ್ಲಿ ಮೈಸೂರಿಗೆ ಹೋಗಿಬಂದವರಲ್ಲಿ ಒಬ್ಬಳು ಮತ ಹಾಕಬಹುದು, ಇನ್ನೊಬ್ಬಳು ಆರ್.ಸಿ. ನವೀಕರಿಸುತ್ತಾ ಇರಬೇಕು.

ಸಮುದಾಯದ ಒಳಗೂ ಈ ವಿಷಯದಲ್ಲಿ ಒಮ್ಮತವಿಲ್ಲ ಎಂಬುದನ್ನು ಹೇಳಬೇಕು. ಪೌರತ್ವ ಪಡೆದರೆ ಟಿಬೆಟಿನ ಮೇಲಿನ ತಮ್ಮ ಹಕ್ಕೊತ್ತಾಯ ಸಡಿಲವಾಗುತ್ತದೆಂಬ ಭಾವನೆ ಹಿರಿಯರಲ್ಲಿ ಗಾಢವಾಗಿದೆ. ಮರಳಿ ಹೋಗುವವರೆಂದೇ ತಮ್ಮನ್ನು ತಿಳಿದವರಿಗೆ ಪೌರತ್ವದ ಅರ್ಜಿ ಸೋಲೊಪ್ಪಿಕೊಂಡಂತೆ ಕಾಣುತ್ತದೆ. ಆದ್ದರಿಂದ ಪ್ರಜೆ ಅಥವಾ ವಿದೇಶಿ ಎಂಬ ಎರಡೇ ಖಾನೆಗಳಿರುವ ಕಾನೂನು ಈ ಜನರಿಗೆ ಒಗ್ಗುವುದಿಲ್ಲ.

ಗುಂಪಿಗೊಂದು ನ್ಯಾಯ

ಬೈಲಕುಪ್ಪೆಯ ಪಕ್ಕದಲ್ಲಿ ಇತರ ಗುಂಪುಗಳನ್ನಿಟ್ಟು ನೋಡಿದಾಗ ಕಾನೂನಿಲ್ಲದಿರುವುದರ ಪರಿಣಾಮ ಇನ್ನಷ್ಟು ಸ್ಪಷ್ಟವಾಗುತ್ತದೆ. ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ದುಡಿಯುವ ಶ್ರೀಲಂಕಾದಿಂದ ಬಂದ ತಮಿಳರು ಭಾರತ ಮತ್ತು ಶ್ರೀಲಂಕಾ ಪ್ರಧಾನಿಗಳ ನಡುವಿನ 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಫಲವಾಗಿ ಬಂದವರು. ಅವರ ಬದುಕು ಬಡತನದ್ದಾದರೂ ಒಪ್ಪಂದವೇ ಪೌರತ್ವವನ್ನು ನಿರ್ಧರಿಸಿದ್ದರಿಂದ ಅವರು ಭಾರತದ ಪ್ರಜೆಗಳಾಗಿಯೇ ನೆಲೆಸಿದರು. 1983ರ ನಂತರ ಯುದ್ಧಕ್ಕೆ ಹೆದರಿ ಅದೇ ದ್ವೀಪದಿಂದ ಬಂದ ತಮಿಳರಲ್ಲಿ ಸುಮಾರು 58,000 ಮಂದಿ ತಮಿಳುನಾಡಿನ ಶಿಬಿರಗಳಲ್ಲಿ ಎರಡನೆಯ, ಮೂರನೆಯ ತಲೆಮಾರನ್ನು ಕಾಣುತ್ತಿದ್ದಾರೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಹಿಂದೂಗಳು ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ನೆಲೆಸಿದ್ದಾರೆ, ಅವರಿಗೆ 2019ರ ಪೌರತ್ವ ತಿದ್ದುಪಡಿ ಕಾಯ್ದೆ ಒಂದು ದಾರಿ ತೆರೆಯಿತು. ಆ ಕಾಯ್ದೆ ಅಫ್ಘಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನಗಳ ಮುಸ್ಲಿಮೇತರ ಆರು ಧರ್ಮಗಳವರಿಗಷ್ಟೇ ಅನ್ವಯಿಸುವುದರಿಂದ ಬೈಲಕುಪ್ಪೆಯ ಬೌದ್ಧರಿಗೂ ಶಿಬಿರದ ತಮಿಳು ಹಿಂದೂಗಳಿಗೂ ಅದರಲ್ಲಿ ಸ್ಥಾನವಿಲ್ಲ. ಮ್ಯಾನ್ಮಾರಿನ ರೋಹಿಂಗ್ಯಾಗಳನ್ನು ಅಕ್ರಮ ವಲಸಿಗರೆಂದು ಕರೆಯಲಾಗುತ್ತದೆ. ಅದೇ ದೇಶದಲ್ಲಿ 2021ರ ಸೇನಾ ಕ್ಷಿಪ್ರಕ್ರಾಂತಿಯ ನಂತರ ಓಡಿಬಂದ ಚಿನ್ ಜನರನ್ನು ಒಳಗೆ ಬಿಡದಂತೆ ಕೇಂದ್ರ ಸೂಚಿಸಿದರೂ ಮಿಜೋರಾಂ ಸರ್ಕಾರ ರಕ್ತಸಂಬಂಧಿಗಳೆಂದು ಆಶ್ರಯ ಕೊಟ್ಟಿತು.

ನ್ಯಾಯಾಲಯಗಳು ತಮ್ಮ ಮಿತಿಯಲ್ಲಿ ಅಂತರವನ್ನು ತುಂಬಲು ಯತ್ನಿಸಿವೆ. 1996ರಲ್ಲಿ, ಪೂರ್ವ ಪಾಕಿಸ್ತಾನದಿಂದ ಬಂದು ಅರುಣಾಚಲ ಪ್ರದೇಶದಲ್ಲಿ ನೆಲೆಸಿದ ಚಕ್ಮಾ ಜನಾಂಗದವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಂವಿಧಾನದ 21ನೆಯ ವಿಧಿಯ ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆ ಪ್ರಜೆಗಳಲ್ಲದವರಿಗೂ ಇದೆಯೆಂದಿತು. 2021ರ ಏಪ್ರಿಲಿನಲ್ಲಿ ರೋಹಿಂಗ್ಯಾ ಪ್ರಕರಣದಲ್ಲಿ ಅದೇ ನ್ಯಾಯಾಲಯ, 14 ಮತ್ತು 21ನೆಯ ವಿಧಿಗಳು ಎಲ್ಲರಿಗೂ ಅನ್ವಯಿಸುತ್ತವೆಂದು ಒಪ್ಪಿಯೂ, ಗಡೀಪಾರಾಗದಿರುವ ಹಕ್ಕು ದೇಶದಲ್ಲಿ ನೆಲೆಸುವ ಪ್ರಜೆಯ ಹಕ್ಕಿಗೆ ಅಂಟಿಕೊಂಡದ್ದೆಂದು ಹೇಳಿ, ನಿಗದಿತ ಕ್ರಮ ಅನುಸರಿಸಿ ಗಡೀಪಾರು ಮಾಡಲು ಅಡ್ಡಿಯಿಲ್ಲವೆಂದಿತು. ನ್ಯಾಯಾಧೀಶರ ಮುಂದೆ ಅನ್ವಯಿಸಲು ಒಂದು ಕಾಯ್ದೆಯೇ ಇಲ್ಲದಿರುವಾಗ ಇಂಥ ಅಂತರಗಳು ಅನಿವಾರ್ಯ.

2025ರ ಕಾಯ್ದೆ ಮತ್ತು ಅದರಲ್ಲಿಲ್ಲದ್ದು

2025ರ ಏಪ್ರಿಲಿನಲ್ಲಿ ಸಂಸತ್ತು ವಲಸೆ ಮತ್ತು ವಿದೇಶಿಯರ ಕಾಯ್ದೆಯನ್ನು ಅಂಗೀಕರಿಸಿತು. ಸೆಪ್ಟೆಂಬರ್ 1ರಿಂದ ಅದು ಜಾರಿಗೆ ಬಂತು. 1920, 1939, 1946 ಮತ್ತು 2000ದ ನಾಲ್ಕು ಕಾಯ್ದೆಗಳು ರದ್ದಾಗಿ ಒಂದೇ ಸಂಹಿತೆಯಾಯಿತು. ಹಳೆಯ, ಪರಸ್ಪರ ಮೇಲೆಬಿದ್ದ ಕಾಯ್ದೆಗಳನ್ನು ಒಂದುಗೂಡಿಸಿದ್ದು ಅಗತ್ಯವಾದ ಕೆಲಸವೇ. ದಾಖಲೆಯಿಲ್ಲದೆ ಪ್ರವೇಶಿಸಿದವರಿಗೆ ಐದು ವರ್ಷದವರೆಗೆ ಸೆರೆ, ಖೋಟಾ ದಾಖಲೆಗೆ ಏಳು ವರ್ಷದವರೆಗೆ ಸೆರೆ, ವಿದೇಶಿಯರ ವಿವರ ನೀಡುವ ಹೊಣೆ ಶಿಕ್ಷಣ ಸಂಸ್ಥೆ ಮತ್ತು ಆಸ್ಪತ್ರೆಗಳಿಗೆ ಎಂಬಿತ್ಯಾದಿ ವಿಷಯಗಳಲ್ಲಿ ಅದು ವಿವರವಾಗಿದೆ. ಪ್ರಾಣಭಯದಿಂದ ಬಂದವರ ವಿಷಯದಲ್ಲಿ ಮೌನವಾಗಿದೆ. ಆಶ್ರಯ ಕೋರುವವರಿಗಾಗಿ ಒಂದು ಅಧ್ಯಾಯವಿರಲಿ, ಅವರ ವ್ಯಾಖ್ಯೆಯೂ ಅದರಲ್ಲಿಲ್ಲ.

ಅದರ ಜೊತೆಗೇ ಹೊರಬಿದ್ದ ವಿನಾಯಿತಿ ಆದೇಶವು ನೋಂದಾಯಿತ ಟಿಬೆಟಿಯನ್ನರನ್ನೂ, 2015ರ ಜನವರಿ 9ರವರೆಗೆ ಬಂದು ನೋಂದಣಿಯಾದ ಶ್ರೀಲಂಕಾ ತಮಿಳರನ್ನೂ, ಮೂರು ನೆರೆದೇಶಗಳಿಂದ 2024ರ ಅಂತ್ಯದೊಳಗೆ ಬಂದ ಅಲ್ಪಸಂಖ್ಯಾತರನ್ನೂ ಪಾಸ್‌ಪೋರ್ಟ್ ಮತ್ತು ವೀಸಾದ ಅಗತ್ಯದಿಂದ ಬಿಡುಗಡೆ ಮಾಡಿತು. ಬೈಲಕುಪ್ಪೆಯ ಜನರಿಗೆ ಇದು ನೆಮ್ಮದಿಯ ಸುದ್ದಿ, ಅದನ್ನು ಸ್ವಾಗತಿಸಬೇಕು. ಆದರೆ ಆರೂವರೆ ದಶಕಗಳ ನಂತರವೂ ಅವರು ನಿಂತಿರುವುದು ಒಂದು ಆದೇಶದ ಮೇಲೆ. ಹೊರಡಿಸಿದ ಕೈಯೇ ಅದನ್ನು ಹಿಂಪಡೆಯಬಹುದು.

ಏನು ಬರೆಯಬೇಕು

ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕುವುದೇ ಮೊದಲ ಹೆಜ್ಜೆಯಾಗಬೇಕೆಂದು ಕೆಲವರು ಹೇಳುತ್ತಾರೆ. ನನಗೆ ಅದು ತುರ್ತೆನಿಸುವುದಿಲ್ಲ. ದೇಶೀಯ ಕಾಯ್ದೆಯೊಂದನ್ನು ನಾವೇ, ನಮ್ಮ ಗಡಿಗಳ ಮತ್ತು ನೆರೆಹೊರೆಯ ವಾಸ್ತವಕ್ಕೆ ತಕ್ಕಂತೆ ಬರೆದುಕೊಳ್ಳಲು ಯಾರ ಸಹಿಯೂ ಬೇಕಿಲ್ಲ. ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ನೇತೃತ್ವದಲ್ಲಿ 1990ರ ದಶಕದಲ್ಲಿಯೇ ಮಾದರಿ ಕಾನೂನೊಂದು ಸಿದ್ಧವಾಗಿತ್ತು; 2015ರಲ್ಲಿ ಶಶಿ ತರೂರ್ ಖಾಸಗಿ ಮಸೂದೆ ಮಂಡಿಸಿದ್ದರು. ಭಾರತಕ್ಕಿಂತ ಎಷ್ಟೋ ಬಡ ದೇಶವಾದ ಉಗಾಂಡಾ 2006ರ ತನ್ನ ಕಾಯ್ದೆಯಲ್ಲಿ ನಿರಾಶ್ರಿತರಿಗೆ ದುಡಿಯುವ ಮತ್ತು ಸಂಚರಿಸುವ ಹಕ್ಕನ್ನು ಬರೆದುಕೊಟ್ಟಿದೆ, ವಸತಿಗಳಲ್ಲಿ ಉಳುಮೆಗೆ ತುಂಡು ನೆಲವನ್ನೂ ಕೊಡುತ್ತಿದೆ.

ಬೈಲಕುಪ್ಪೆಯ ಅನುಭವದಿಂದ ಹೊರಡುವ ಕಾಯ್ದೆಯಲ್ಲಿ ಮೊದಲು ಬೇಕಾದದ್ದು ಗುಂಪಿನ ಹೆಸರಿಗೆ ಬದಲಾಗಿ ಅಪಾಯದ ಸ್ವರೂಪವನ್ನು ಆಧರಿಸಿದ ವ್ಯಾಖ್ಯೆ. ಕೋರಿಕೆಯನ್ನು ಪರಿಶೀಲಿಸಲು ಪೊಲೀಸರಿಂದ ಬೇರೆಯಾದ ಒಂದು ಪ್ರಾಧಿಕಾರ, ನಿಗದಿತ ಕಾಲಮಿತಿ, ಕಾರಣಸಹಿತ ಲಿಖಿತ ಆದೇಶ, ಮೇಲ್ಮನವಿ ಇವು ಇರಬೇಕು. ಭದ್ರತೆಯ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಗಂಭೀರ ಅಪರಾಧ ಎಸಗಿದವರನ್ನು ಹೊರಗಿಡುವ ಕಲಂ 1951ರ ಒಪ್ಪಂದದಲ್ಲಿಯೂ ಇದೆ, ನಮ್ಮ ಕಾಯ್ದೆಯಲ್ಲಿಯೂ ಇರಲಿ. ಆದರೆ ಹೆಸರು, ಬೆರಳಚ್ಚು, ವಿಳಾಸ ಕೊಟ್ಟು ಮುಂದೆ ಬಂದವನಿಗೆ ರಕ್ಷಣೆ ಸಿಗುತ್ತದೆಂಬ ಭರವಸೆಯಿದ್ದಾಗಲೇ ಜನ ಮುಂದೆ ಬರುತ್ತಾರೆ. ಜೈಲಿನ ಭಯವಷ್ಟೇ ಇದ್ದರೆ ಅವರು ಮಹಾನಗರಗಳ ಕೊಳೆಗೇರಿಗಳಲ್ಲಿ ಕರಗಿಹೋಗುತ್ತಾರೆ ಮತ್ತು ಸರ್ಕಾರಕ್ಕೆ ಯಾರು ಎಲ್ಲಿದ್ದಾರೆಂಬುದೂ ತಿಳಿಯುವುದಿಲ್ಲ. ಟಿಬೆಟಿಯನ್ನರ ಬಗ್ಗೆ ಸರ್ಕಾರಕ್ಕೆ ಜಿಲ್ಲಾವಾರು ಲೆಕ್ಕ ಸಿಗುವುದು ಅವರಿಗೆ ಆರಂಭದಿಂದಲೂ ಕಾಗದವೊಂದು ಸಿಕ್ಕಿದ್ದರಿಂದ.

ಎರಡನೆಯದಾಗಿ, ಪ್ರಜೆ ಮತ್ತು ವಿದೇಶಿಯ ನಡುವೆ ಒಂದು ದೀರ್ಘಾವಧಿ ನಿವಾಸಿಯ ಸ್ಥಾನಮಾನ ಬೇಕು. ಇಂತಿಷ್ಟು ವರ್ಷ ನೆಲೆಸಿದವರಿಗೆ ಹಾಗೂ ಇಲ್ಲಿ ಹುಟ್ಟಿದವರಿಗೆ ಅದು ತಾನಾಗಿ ಸಿಗಬೇಕು. ದುಡಿಯುವ, ಮನೆ ಕೊಳ್ಳುವ, ಬ್ಯಾಂಕ್ ಸಾಲ ಪಡೆಯುವ, ಹೊರದೇಶಕ್ಕೆ ಹೋಗಿ ಮರಳುವ ಹಕ್ಕು ಅದರಲ್ಲಿ ಅಡಕವಾಗಿರಬೇಕು. ಪೌರತ್ವ ಬಯಸುವವರಿಗೆ ಅಲ್ಲಿಂದ ಮುಂದೆ ದಾರಿಯಿರಲಿ. ಟಿಬೆಟಿಯನ್ನರಾಗಿಯೇ ಉಳಿಯಬಯಸುವ ಹಿರಿಯರಿಗೆ ಆ ಆಯ್ಕೆಗಾಗಿ ಶಿಕ್ಷೆ ಬೇಡ. ಮೂರನೆಯದಾಗಿ, ನೆಲ ಮತ್ತು ಸೌಕರ್ಯ ಕೊಡುವ ರಾಜ್ಯಕ್ಕೆ ಕೇಂದ್ರದ ನಿಶ್ಚಿತ ಅನುದಾನವಿರಬೇಕು ಮತ್ತು ಅದರ ಒಂದು ಪಾಲು ಕಡ್ಡಾಯವಾಗಿ ಅದೇ ತಾಲ್ಲೂಕಿನ ಭೂರಹಿತರಿಗೆ ಸಲ್ಲಬೇಕು. ಉಗಾಂಡಾದಲ್ಲಿ ನಿರಾಶ್ರಿತರ ನೆರವಿನ ಒಂದಂಶವನ್ನು ಆತಿಥ್ಯ ನೀಡುವ ಸ್ಥಳೀಯರಿಗೆ ಮೀಸಲಿಡುವ ಪದ್ಧತಿಯಿದೆ. ಪಿರಿಯಾಪಟ್ಟಣದ ಶಾಲೆ, ಆಸ್ಪತ್ರೆಗಳಿಗೂ ಆದಿವಾಸಿಗಳ ಹಾಡಿಗಳಿಗೂ ಹಾಗೆ ಹಣ ಬರುವಂತಿದ್ದರೆ ಎರಡು ಬಡ ಸಮುದಾಯಗಳನ್ನು ಎದುರುಬದುರು ನಿಲ್ಲಿಸುವ ರಾಜಕಾರಣಕ್ಕೆ ಅವಕಾಶ ಕಡಿಮೆಯಾಗುತ್ತಿತ್ತು.

ಇವೆಲ್ಲ ದೆಹಲಿಯಲ್ಲಿ ಆಗಬೇಕಾದವು. ಕರ್ನಾಟಕ ಸರ್ಕಾರಕ್ಕೆ ತನ್ನ ಅಧಿಕಾರದಲ್ಲಿಯೇ ಮಾಡಬಹುದಾದ ಕೆಲಸವೂ ಇದೆ. 2014ರ ನೀತಿ ಹೇಳಿದ ಗುತ್ತಿಗೆಯ ಅವಧಿ 20 ವರ್ಷ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಈಗಾಗಲೇ ಕಳೆದಿದೆ. ನವೀಕರಣದ ಸಮಯ ಬಂದಾಗ ಗುತ್ತಿಗೆಯನ್ನು ಇನ್ನೂ ದೀರ್ಘ ಅವಧಿಗೆ ವಿಸ್ತರಿಸಬಹುದು. ಕುಟುಂಬದ ಸದಸ್ಯರೊಬ್ಬರು ಭಾರತೀಯ ಪೌರತ್ವ ಪಡೆದ ಮಾತ್ರಕ್ಕೆ ಮನೆ ಮತ್ತು ಹೊಲದ ಅನುಭೋಗ ತಪ್ಪುವುದಿಲ್ಲವೆಂಬ ಒಂದು ಸಾಲನ್ನು ಅದರಲ್ಲಿ ಸೇರಿಸಬಹುದು. ಗುತ್ತಿಗೆ ಪತ್ರದ ಆಧಾರದ ಮೇಲೆ ಬೆಳೆ ಸಾಲ ಕೊಡುವಂತೆ ಸಹಕಾರಿ ಬ್ಯಾಂಕುಗಳಿಗೆ ಸೂಚಿಸಬಹುದು. ಭೂಮಿ ರಾಜ್ಯಪಟ್ಟಿಯ ವಿಷಯವಾದ್ದರಿಂದ ಈ ಮೂರಕ್ಕೂ ಕಂದಾಯ ಮತ್ತು ಸಹಕಾರ ಇಲಾಖೆಗಳೇ ಮುಂದಡಿ ಇಡಬೇಕು, ಆ ಕರಡನ್ನು ಅವಧಿ ಮುಗಿಯುವವರೆಗೆ ಕಾಯದೆ ಈಗಲೇ ಮೈಸೂರು, ಉತ್ತರ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳ ವಸತಿಗಳಲ್ಲಿ ಜನರ ಮುಂದಿಟ್ಟು ಚರ್ಚಿಸಬೇಕು.